ನಾಡಿ ಮೊದಲು, ಬಿಪಿ ಆಮೇಲೆ

ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ 1958ರಲ್ಲಿ ಐಸಿಐ ಕಂಪನಿಗೆ ಸೇರಿದಾಗ ಅವರ ತಲೆಯಲ್ಲಿದ್ದದ್ದು ರಕ್ತದೊತ್ತಡವಲ್ಲ, ಎದೆನೋವು. ಆಂಜೈನಾ ರೋಗಿಯ ಹೃದಯಕ್ಕೆ ಹೆಚ್ಚು ರಕ್ತ ಹರಿಸುವುದು ಹೇಗೆಂದು ಆಗಿನ ವೈದ್ಯಲೋಕ ತಲೆ ಕೆಡಿಸಿಕೊಂಡಿತ್ತು. ಬ್ಲ್ಯಾಕ್ ಲೆಕ್ಕವನ್ನೇ ತಿರುವುಹಾಕಿದರು: ಪೂರೈಕೆ ಹೆಚ್ಚಿಸಲಾಗದಿದ್ದರೆ ಹೃದಯದ ಬೇಡಿಕೆಯನ್ನೇ ತಗ್ಗಿಸಬಾರದೇಕೆ? ಅಡ್ರಿನಲಿನ್ ಹೃದಯವನ್ನು ಓಡಿಸುವುದು ಬೀಟಾ ರಿಸೆಪ್ಟರುಗಳ ಮೂಲಕ ಎಂದು ಅಮೆರಿಕದ ರೇಮಂಡ್ ಆಲ್ಕ್ವಿಸ್ಟ್ 1948ರಲ್ಲೇ ಬರೆದಿದ್ದರು. ಆ ಬಾಗಿಲಿಗೆ ಅಡ್ಡ ನಿಲ್ಲುವ, ಬೀಟಾ ಬ್ಲಾಕರ್ ಎನಿಸಿಕೊಂಡ ಬಗೆಯ ಮೊದಲ ಔಷಧಿ ಪ್ರೊನೆಥಲಾಲ್ ಇಲಿಗಳಲ್ಲಿ ಗೆಡ್ಡೆ ಹುಟ್ಟಿಸಿ ಮೂಲೆ ಸೇರಿತು. ಅದರ ಜಾಗಕ್ಕೆ ಬಂದದ್ದು ಪ್ರೊಪ್ರನೊಲಾಲ್. ಅದರ ಕೀರ್ತಿಯೂ ಸೇರಿ ಬ್ಲ್ಯಾಕ್‌ಗೆ 1988ರ ನೊಬೆಲ್ ಬಂತು.

ಬಿಪಿ ಇಳಿದದ್ದು ಬೇಡದೆ ಸಿಕ್ಕ ವರ. ಲಂಡನ್ನಿನ ಬ್ರಯಾನ್ ಪ್ರಿಚರ್ಡ್ ಆಂಜೈನಾ ರೋಗಿಗಳಲ್ಲಿ ಅದನ್ನು ಗಮನಿಸಿ 1964ರಲ್ಲಿ ಹೇಳಿದಾಗ ಬಹಳ ಮಂದಿ ನಂಬಲಿಲ್ಲ.

ನಂಬದಿರಲು ಕಾರಣವೂ ಇತ್ತು. ಮಾತ್ರೆ ನುಂಗಿದ ಒಂದೆರಡು ಗಂಟೆಯಲ್ಲಿ ನಾಡಿ ನಿಧಾನವಾಗುತ್ತದೆ. ಬಿಪಿ ಅಷ್ಟು ಬೇಗ ಜಗ್ಗುವುದಿಲ್ಲ. ತೋಟದ ಪೈಪಿನಲ್ಲಿ ನೀರು ಕಮ್ಮಿಯಾದಾಗ ಬಾಯಿಗೆ ಹೆಬ್ಬೆರಳು ಒತ್ತಿ ರಭಸ ಉಳಿಸಿಕೊಳ್ಳುವ ಹಾಗೆ, ಹೃದಯ ತಳ್ಳುವ ರಕ್ತ ಇಳಿದ ಕೂಡಲೇ ಸಣ್ಣ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಅವು ಸಡಿಲಗೊಳ್ಳುವುದು ದಿನಗಳು, ಕೆಲವೊಮ್ಮೆ ವಾರಗಳು ಕಳೆದ ಮೇಲೆ. ಇತ್ತ ಕಿಡ್ನಿ ಸ್ರವಿಸುವ, ಬಿಪಿ ಏರಿಸುವ ರೆನಿನ್ ಕೂಡ ತಗ್ಗಿರುತ್ತದೆ. ನಾಲ್ಕು ದಿನ ನುಂಗಿ "ಈ ಮಾತ್ರೆ ಹಿಡಿಸಲಿಲ್ಲ ಡಾಕ್ಟ್ರೇ" ಎನ್ನುವವರು ಬಿಪಿಗೆ ಸ್ವಲ್ಪ ಕಾಲಾವಕಾಶ ಕೊಡಬೇಕು.

ತೋಳಿಗೆ ಕಟ್ಟಿದ ಪಟ್ಟಿ ಹೇಳುವುದೂ ಪೂರ್ಣ ಸತ್ಯವಲ್ಲ. 2002ರಲ್ಲಿ ಪ್ರಕಟವಾದ ಲೈಫ್ ಅಧ್ಯಯನದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಬೀಟಾ ಬ್ಲಾಕರ್ ಆದ ಅಟೆನೊಲಾಲ್, ಬೇರೆ ಬಗೆಯ ಬಿಪಿ ಔಷಧಿ ಲೊಸಾರ್ಟಾನ್ ಎರಡೂ ಬಿಪಿಯನ್ನು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಇಳಿಸಿದವು. ಪಾರ್ಶ್ವವಾಯು ಮಾತ್ರ ಲೊಸಾರ್ಟಾನ್ ಪಡೆದವರಲ್ಲಿ ಸುಮಾರು ಕಾಲುಭಾಗ ಕಡಿಮೆ. ಒಂದು ವಿವರಣೆ ಹೀಗಿದೆ: ಬಡಿತ ನಿಧಾನವಾದಾಗ, ದೇಹದ ತುದಿಯಿಂದ ಮರಳುವ ಒತ್ತಡದ ಅಲೆ ಹೃದಯ ಇನ್ನೂ ರಕ್ತ ತಳ್ಳುತ್ತಿರುವಾಗಲೇ ಮಹಾಪಧಮನಿಗೆ ಬಂದು ಸೇರುತ್ತದೆ. ತೋಳಿನಲ್ಲಿ ಅಂಕಿ ಚೆಂದ, ಎದೆಯೊಳಗೆ ಅಷ್ಟು ಚೆಂದವಲ್ಲ. ಬೇರೆ ಕಾಯಿಲೆಯಿಲ್ಲದ ಬಿಪಿಗೆ ಮೊದಲ ಆಯ್ಕೆಯ ಸ್ಥಾನದಿಂದ ಬ್ರಿಟನ್ 2006ರಲ್ಲಿ ಬೀಟಾ ಬ್ಲಾಕರುಗಳನ್ನು ಕೆಳಗಿಳಿಸಿತು.

ಹಾಗೆಂದು ಇವುಗಳ ಕಾಲ ಮುಗಿಯಲಿಲ್ಲ. ದುರ್ಬಲ ಹೃದಯಕ್ಕೆ ಇವು ವಿಷವೆಂದೇ ಒಂದು ಕಾಲದಲ್ಲಿ ಪಾಠ ಹೇಳುತ್ತಿದ್ದರು. 1975ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನ ವೈದ್ಯರು ಧೈರ್ಯಮಾಡಿ ಕೊಟ್ಟು ನೋಡಿದರು. 1999ರ ದೊಡ್ಡ ಅಧ್ಯಯನಗಳಲ್ಲಿ ಹೃದಯ ವೈಫಲ್ಯದ ರೋಗಿಗಳ ಸಾವು ಮೂರನೇ ಒಂದು ಭಾಗದಷ್ಟು ತಗ್ಗಿತು. ನಡುಗದ ಕೈ ಬೇಕಾದ ಕ್ರೀಡೆಗಳಿಗೂ ಈ ಮಾತ್ರೆ ನುಸುಳಿದೆ: 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಪಿಸ್ತೂಲು ಶೂಟರ್ ಕಿಮ್ ಜಾಂಗ್ ಸು ಪ್ರೊಪ್ರನೊಲಾಲ್‌ನಿಂದಾಗಿ ಎರಡು ಪದಕ ಕಳೆದುಕೊಂಡರು.

ಮಾತ್ರೆಯನ್ನು ತಾವಾಗಿ ಥಟ್ಟನೆ ನಿಲ್ಲಿಸುವುದು ಅಪಾಯ. ಅಷ್ಟರಲ್ಲಿ ರಿಸೆಪ್ಟರುಗಳ ಸಂಖ್ಯೆ ಏರಿರುತ್ತದೆ, ಅಡ್ರಿನಲಿನ್ ಏಟು ಹೃದಯಕ್ಕೆ ಇಮ್ಮಡಿ ಬೀಳುತ್ತದೆ. ಅಸ್ತಮಾ ಇರುವವರಿಗೆ ಪ್ರೊಪ್ರನೊಲಾಲ್ ಕೊಡುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇನ್ನೊಂದು ತೊಡಕು: ಶುಗರ್ ಕುಸಿದಾಗ ಎಚ್ಚರಿಸುವ ನಡುಕ, ಎದೆಬಡಿತ ಎರಡೂ ಈ ಮಾತ್ರೆಯಿಂದ ಮಸುಕಾಗುತ್ತವೆ. ಬೆವರು ಮಾತ್ರ ಮೊದಲಿನಂತೆಯೇ ಸುರಿಯುತ್ತದೆ. ಬೆವರಿನ ಗ್ರಂಥಿಗಳಿಗೆ ಅಪ್ಪಣೆ ಹೋಗುವುದು ಅಸಿಟೈಲ್‌ಕೋಲಿನ್ ಮೂಲಕ, ಬೀಟಾ ರಿಸೆಪ್ಟರುಗಳಿಗೆ ಅಲ್ಲಿ ಕೆಲಸವಿಲ್ಲ.