ಮೂತ್ರ ಕಟ್ಟಿದ ರೋಗಿಗೆ ಎಳನೀರು ಕುಡಿಸಬೇಕೆ?

ಹಾಸಿಗೆ ಹಿಡಿದವರಿಗೆ ಮೂತ್ರ ಸರಿಯಾಗಿ ಹೋಗದಿದ್ದರೆ ಬಾರ್ಲಿ ನೀರು, ಎಳನೀರು, ಕೊತ್ತಂಬರಿ ಬೀಜದ ಕಷಾಯ ಕುಡಿಸಿ ಎನ್ನುವ ಸಂದೇಶಗಳು ವಾಟ್ಸ್‌ಆಪ್‌ನಲ್ಲಿ ಆಗಾಗ ಬರುತ್ತಿರುತ್ತವೆ. ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದು ಉರಿಮೂತ್ರವಾದ ಆರೋಗ್ಯವಂತರಿಗೆ ಇವು ಹಿತವೆನಿಸಬಹುದು. ಕ್ಯಾನ್ಸರ್, ಪಾರ್ಶ್ವವಾಯು, ಕಿಡ್ನಿ ವೈಫಲ್ಯದಿಂದ ಮಲಗಿದವರ ವಿಷಯವೇ ಬೇರೆ.

ಮೂತ್ರ ಬರುತ್ತಿಲ್ಲ ಎಂದರೆ ಒಂದೋ ಕಿಡ್ನಿಯಲ್ಲಿ ಅದು ತಯಾರಾಗುತ್ತಿಲ್ಲ, ಇಲ್ಲವೇ ತಯಾರಾದದ್ದು ಮೂತ್ರಚೀಲದಲ್ಲೇ ನಿಂತಿದೆ. ಚೀಲ ತುಂಬಿರುವವರಿಗೆ ಮತ್ತಷ್ಟು ಕುಡಿಸುವುದು ತೂಬು ಮುಚ್ಚಿದ ಕೆರೆಗೆ ನೀರು ಹರಿಸಿದಂತೆ. ಕಿಡ್ನಿ ಸೋತವರಿಗೆ ಎಳನೀರು ಇನ್ನೂ ಅಪಾಯ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು.

ಹೊಕ್ಕುಳ ಕೆಳಗೆ ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ, ಮುಟ್ಟಿದರೆ ನೋಯುತ್ತಿದ್ದರೆ ಚೀಲ ತುಂಬಿರುವ ಸಾಧ್ಯತೆ ಹೆಚ್ಚು. ಇಂಥವರಿಗೆ ಹನಿಹನಿಯಾಗಿ ಮೂತ್ರ ಸೋರುತ್ತಲೂ ಇರಬಹುದು. ಮನೆಯವರು ಮೋಸಹೋಗುವುದೇ ಇಲ್ಲಿ, 'ಹೋಗ್ತಾ ಇದೆಯಲ್ಲ' ಎಂದುಕೊಂಡು. ಮಾತನಾಡಲಾಗದ ರೋಗಿ ನರಳುತ್ತಾರೆ, ಬಟ್ಟೆ ಕಿತ್ತೆಸೆಯುತ್ತಾರೆ, ಏನೇನೋ ಬಡಬಡಿಸುತ್ತಾರೆ. ಕೊನೆಗಾಲದ ಸಂಕಟ ಎಂದು ಎಲ್ಲರೂ ಕೈಚೆಲ್ಲಿ ಕೂತಿರುತ್ತಾರೆ. ಕ್ಯಾತಿಟರ್ ಹಾಕಿದ ಕೆಲವೇ ನಿಮಿಷಗಳಲ್ಲಿ ಕಡಿಮೆಯಾಗುವ ಸಂಕಟ ಅದಾಗಿರಬಹುದು.

ಗಂಡಸರಲ್ಲಿ ಪ್ರಾಸ್ಟೇಟ್ ಊದಿಕೊಂಡಿರುವುದು ಸಾಮಾನ್ಯ ಕಾರಣ. ಯಾರೂ ನೆನೆಯದ ಇನ್ನೊಂದು ಕಾರಣ ಮಲಬದ್ಧತೆ. ಗಟ್ಟಿಯಾದ ಮಲ ಮೂತ್ರದ ದಾರಿಯನ್ನು ಒತ್ತಿ ಹಿಡಿಯುತ್ತದೆ. ನೋವಿಗೆ ಕೊಡುವ ಮಾರ್ಫಿನ್ ಎರಡನ್ನೂ ತರಬಲ್ಲದು. ಹಾಗೆಂದು ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ. ನಿದ್ದೆ ಬರಿಸುವ ನೆಗಡಿ ಮಾತ್ರೆ, ಕೆಮ್ಮಿನ ಸಿರಪ್‌ಗಳೂ ಮೂತ್ರ ಕಟ್ಟಿಸಬಲ್ಲವು. ಮೆಡಿಕಲ್ ಶಾಪಿನಿಂದ ತಂದದ್ದೆಲ್ಲವನ್ನೂ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಮಲಗಿದಲ್ಲೇ ಮೂತ್ರ ಮಾಡುವುದು ಕಷ್ಟ. ಆಗುವುದಾದರೆ ಮಂಚದಂಚಿಗೆ ಕೂರಿಸಿ, ಪಾದ ನೆಲಕ್ಕೆ ತಾಗಲಿ. ಬಾಗಿಲು ಮುಚ್ಚಿ, ನೆಂಟರನ್ನು ಹೊರಗೆ ಕಳಿಸಿ. ನಾಚಿಕೆಯಿಂದಲೇ ಮೂತ್ರ ಹಿಡಿದಿಟ್ಟುಕೊಳ್ಳುವ ಹಿರಿಯರು ಎಷ್ಟೋ ಮಂದಿ. ನಲ್ಲಿ ಬಿಟ್ಟ ಸದ್ದು ಕೆಲವರಿಗೆ ನೆರವಾಗುತ್ತದೆ. ಹೊಟ್ಟೆಯನ್ನು ಮಾತ್ರ ಅದುಮಬೇಡಿ.

ಕ್ಯಾತಿಟರ್ ಇದ್ದೂ ಬ್ಯಾಗು ಖಾಲಿಯಿದ್ದರೆ ಮೊದಲು ನಳಿಕೆ ಮಡಚಿದೆಯೇ, ರೋಗಿಯ ಮೈಯಡಿ ಸಿಕ್ಕಿದೆಯೇ ನೋಡಿ. ಬ್ಯಾಗು ಸದಾ ಮೂತ್ರಚೀಲಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಎಳೆದು ತೆಗೆಯಲು ಹೋಗಬೇಡಿ. ಒಳಗೆ ನೀರು ತುಂಬಿದ ಪುಟ್ಟ ಬಲೂನು ಇರುತ್ತದೆ, ಮೂತ್ರನಾಳ ಹರಿದುಹೋದೀತು.

ಹೊಟ್ಟೆ ಉಬ್ಬಿ ಮೂತ್ರ ಪೂರ್ತಿ ನಿಂತರೆ, ಚಳಿಜ್ವರ ಬಂದರೆ, ರಕ್ತದ ಗಡ್ಡೆ ಕಂಡರೆ ಬೆಳಗಾಗಲೆಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಕ್ಯಾನ್ಸರ್ ರೋಗಿಗೆ ಮೂತ್ರ ಕಟ್ಟುವುದರ ಜೊತೆ ಕಾಲುಗಳ ಬಲವೂ ಕುಂದಿದರೆ ಬೆನ್ನುಹುರಿ ಒತ್ತಿರಬಹುದು. ಆಗ ಒಂದೊಂದು ಗಂಟೆಯೂ ಮುಖ್ಯ.

ಕೊನೆಯ ದಿನಗಳಲ್ಲಿ ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾಗುವುದು ಸಹಜ. ಚೀಲ ತುಂಬಿಲ್ಲ ಎಂದು ವೈದ್ಯರೋ ನರ್ಸೋ ಖಚಿತಪಡಿಸಿದ ಮೇಲೆ ಒತ್ತಾಯದಿಂದ ನೀರು ಹಾಕಬೇಕಿಲ್ಲ. ಮಂಪರಿನಲ್ಲಿರುವವರ ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಒದ್ದೆ ಹತ್ತಿಯಿಂದ ತುಟಿ ತೇವವಾಗಿಟ್ಟರೆ ಸಾಕು.