ಮೇಲಿನ ಮೆಟ್ಟಿಲಿಗೆ ಯಾವಾಗ?

ಕಾಯಿಯನ್ನು ಗುದ್ದಿ ಹಣ್ಣು ಮಾಡಬಾರದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಹಣ್ಣಾದದ್ದನ್ನು ಗಿಡದಲ್ಲಿಯೇ ಬಿಟ್ಟರೆ ಕೊಳೆಯುತ್ತದೆಂಬುದೂ ಅಷ್ಟೇ ನಿಜ. ಜಿಮ್ನಾಸ್ಟಿಕ್ಸ್ ಎಂಬ ಅಂಗಸಾಧನೆಯ ವಿದ್ಯೆಯಲ್ಲಿ ಎಳೆಯ ಹುಡುಗಿಯೊಬ್ಬಳನ್ನು ಮುಂದಿನ ಮೆಟ್ಟಿಲಿಗೆ ಯಾವಾಗ ಏರಿಸಬೇಕೆಂಬ ಪ್ರಶ್ನೆ ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡಿದೆ. ಇದು ನಮಗೆ ಸಂಬಂಧಿಸದ ವಿಷಯವೆಂದು ವಾಚಕರು ಪುಟ ತಿರುವಿಹಾಕದಿರಲಿ. ೩೫ ಅಂಕದ ಗೆರೆಯನ್ನು ದಾಟಿ ದಾಟಿಯೇ ಇಲ್ಲಿಯವರೆಗೆ ಬಂದ ನಮಗೆ ಇದು ಅಷ್ಟೇನೂ ದೂರದ ಮಾತಲ್ಲ.

ಅಮೆರಿಕೆಯಲ್ಲಿ ಹುಡುಗಿಯರ ಈ ವಿದ್ಯೆಗೆ ೧ರಿಂದ ೧೦ರವರೆಗೆ ಮೆಟ್ಟಿಲುಗಳನ್ನು ಗೊತ್ತುಮಾಡಿದ್ದಾರೆ. ಮೊದಲ ಐದರಲ್ಲಿ ಆಯಾ ಮೆಟ್ಟಿಲಿನವರೆಲ್ಲರೂ ಒಂದೇ ಪಾಠವನ್ನು ಒಪ್ಪಿಸಬೇಕು. ಆರನೆಯದರಿಂದ ಪ್ರತಿಯೊಬ್ಬಳಿಗೂ ಅವಳದೇ ಜೋಡಣೆ. ಕೆಲವು ಮೆಟ್ಟಿಲುಗಳನ್ನೇರಲು ಕೆಳಗಿನ ಪಂದ್ಯದಲ್ಲಿ ಇಂತಿಷ್ಟು ಅಂಕ ಬಂದಿರಬೇಕು, ಇಂತಿಷ್ಟು ವಯಸ್ಸಾಗಿರಬೇಕು. ಅಲ್ಲಿ ನೆಲೆಸಿರುವ ನನ್ನ ಅಕ್ಕನ ಮಗಳು ಈಗ ನಾಲ್ಕನೆಯ ಮೆಟ್ಟಿಲಿನಲ್ಲಿದ್ದಾಳೆ. ಅಂಕವೂ ಬಂದಿದೆ, ವಯಸ್ಸೂ ಸಂದಿದೆ. ಏರಿಸಬೇಕೇ ಬೇಡವೇ ಎಂದು ಮನೆಯವರೆಲ್ಲ ಸೇರಿ ಒಂದು ಪಾರ್ಲಿಮೆಂಟನ್ನೇ ನಡೆಸಿದರು. ಅದರಲ್ಲಿ ನನಗೆ ಮತವಿರಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅಂಕವು ಒಂದು ದಿನದ ಸಾಕ್ಷಿ ಮಾತ್ರ. ಸರಳುಗಳ ಮೇಲೆ ‘ಕಿಪ್’ ಎಂಬ ಪಟ್ಟೊಂದಿದೆ. ತೂಗಿ ಬಂದು, ಕಾಲುಗಳನ್ನು ಸರಳಿನ ಬಳಿಗೆ ಸೆಳೆದು, ಕೈಗಳನ್ನು ಒತ್ತಿ ದೇಹವನ್ನು ಮೇಲಕ್ಕೆ ತರುವುದು. ನೋಡಲು ಸುಲಭ, ಎಷ್ಟೋ ಮಕ್ಕಳು ಇದೊಂದಕ್ಕಾಗಿ ತಿಂಗಳುಗಟ್ಟಲೆ ಅಂಗೈ ಸುಲಿದುಕೊಳ್ಳುತ್ತಾರೆ. ಹತ್ತು ಸಲಕ್ಕೊಮ್ಮೆ ಸಾಧಿಸುವವಳಿಗೂ ಪಂದ್ಯದ ದಿನ ಆ ಒಂದು ಸಲ ಒದಗಿಬಂದೀತು. ಉಳಿದ ಒಂಬತ್ತು ಸಲ ತೀರ್ಪುಗಾರರ ಕಣ್ಣಿಗೆ ಬೀಳುವುದಿಲ್ಲ. ಮೇಲಿನ ಮೆಟ್ಟಿಲುಗಳ ಸರಳಿನ ಆಟವೋ ಆ ಕಿಪ್ಪಿನ ಮೇಲೆಯೇ ನಿಂತಿದೆ. ಆದ್ದರಿಂದ ನಾನು ನೋಡಬಯಸುವುದು ಬೇರೆ: ಅಭ್ಯಾಸದ ಕೊನೆಯ ಗಳಿಗೆಯಲ್ಲಿ, ತೋಳು ಸೋತಾಗಲೂ, ಪಟ್ಟು ಕೆಡದೆ ಬರುತ್ತದೆಯೇ? ತಪ್ಪಿದಾಗ ಮೈಗೆ ಪೆಟ್ಟಾಗದಂತೆ ಬೀಳಲು ಬರುತ್ತದೆಯೇ? ‘ಇವತ್ತು ಬೇಡ’ ಎಂದು ಹೇಳಬಲ್ಲಳೇ? ಹೇಳಿದರೆ ಕೇಳುವವರಿದ್ದಾರೆಯೇ?

ಈ ಕೊನೆಯ ಪ್ರಶ್ನೆಯನ್ನು ನಾನು ಸುಮ್ಮನೆ ಸೇರಿಸಿಲ್ಲ. ಸೋವಿಯತ್ ದೇಶದ ಎಲೆನಾ ಮುಖಿನಾ ೧೯೭೮ರಲ್ಲಿ ಜಗತ್ತಿನ ಚಾಂಪಿಯನ್ ಆದವಳು, ಅಂಕಗಳಿಗೆ ಬಡತನವಿರಲಿಲ್ಲ. ಮರುವರ್ಷ ಕಾಲು ಮುರಿಯಿತು. ಅದು ಸರಿಯಾಗಿ ಕೂಡಿಕೊಳ್ಳುವ ಮೊದಲೇ ಅಭ್ಯಾಸಕ್ಕಿಳಿಸಿದರು. ‘ಥಾಮಸ್ ಸಾಲ್ಟೊ’ ಎಂಬ, ಗಂಡಸರ ಆಟದಿಂದ ತಂದ ಲಾಗವನ್ನು ಅವಳಿಂದ ಮಾಡಿಸತೊಡಗಿದರು. ಗಾಳಿಯಲ್ಲಿ ತಿರುಗಿ ಬಂದು ನೆಲದ ಮೇಲೆ ಉರುಳಿ ಮುಗಿಸುವ ಪಟ್ಟು ಅದು. ಕಾಲಿನ ಚಿಮ್ಮು ಸ್ವಲ್ಪ ಕಡಮೆಯಾದರೂ ಕತ್ತಿಗೇ ಅಪಾಯ. ಇದು ಅಪಾಯವೆಂದು ತಾನು ತರಬೇತುದಾರನಿಗೆ ತಿಳಿಸಿದ್ದುದಾಗಿ ಅವಳೇ ಮುಂದೆ ಹೇಳಿದಳು. ೧೯೮೦ರ ಜುಲೈನಲ್ಲಿ, ಮಾಸ್ಕೋ ಒಲಿಂಪಿಕ್ಸಿಗೆ ಎರಡು ವಾರವಿರುವಾಗ, ಮಿನ್ಸ್ಕ್ ನಗರದಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಕತ್ತು ಮುರಿಯಿತು. ಇಪ್ಪತ್ತು ವರ್ಷದ ಆ ಹುಡುಗಿ ಕೈಕಾಲುಗಳ ಸ್ವಾಧೀನವಿಲ್ಲದೆ ೨೦೦೬ರವರೆಗೆ ಬದುಕಿದಳು. ಆ ಲಾಗವನ್ನು ಹೆಂಗಸರಿಗೆ ನಿಷೇಧಿಸಿದ್ದು ಆಮೇಲೆ.

ಹಾಗಾದರೆ ಕಠಿಣವಾದುದನ್ನೆಲ್ಲ ದೂರವಿಡಬೇಕೆಂದಲ್ಲ. ಅಗರ್ತಲದ ದೀಪಾ ಕರ್ಮಾಕರ್ ೨೦೧೬ರಲ್ಲಿ ರಿಯೋ ಒಲಿಂಪಿಕ್ಸಿನ ವಾಲ್ಟಿನಲ್ಲಿ ಮಾಡಿದ ಪ್ರೊಡುನೋವಾ ಲಾಗವೂ ಕತ್ತಿಗೆ ಕತ್ತಿಯಂಥದೇ. ಅವಳು ೧೫.೦೬೬ ಅಂಕ ಪಡೆದು, ಕಂಚಿನ ಪದಕವನ್ನು ೦.೧೫೦ರಲ್ಲಿ ಕಳೆದುಕೊಂಡು ನಾಲ್ಕನೆಯವಳಾದದ್ದು ಎಲ್ಲರಿಗೂ ಗೊತ್ತು. ಆರನೆಯ ವಯಸ್ಸಿನಲ್ಲಿ ಈ ವಿದ್ಯೆಗೆ ತೊಡಗಿದ ಅವಳಿಗೆ ಆಗ ೨೩ ವರ್ಷವೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ನಾದಿಯಾ ಕೊಮನೇಚಿ ೧೯೭೬ರಲ್ಲಿ ೧೪ನೆಯ ವಯಸ್ಸಿಗೇ ಹತ್ತಕ್ಕೆ ಹತ್ತು ಪಡೆದಳೆಂಬುದು ಮಾತ್ರ ನಮ್ಮ ನಾಲಗೆಯ ತುದಿಯಲ್ಲಿರುತ್ತದೆ. ಹೆಂಗಸರ ಅಂತರರಾಷ್ಟ್ರೀಯ ಪಂದ್ಯಗಳ ಕನಿಷ್ಠ ವಯಸ್ಸನ್ನು ೧೯೮೧ರಲ್ಲಿ ೧೫ಕ್ಕೂ ೧೯೯೭ರಲ್ಲಿ ೧೬ಕ್ಕೂ ಏರಿಸಿದ್ದಾರೆ. ಒಳ್ಳೆಯದೇ. ಆದರೆ ಕ್ಯಾಲೆಂಡರು ಬಾಗಿಲನ್ನು ತೆರೆದೀತೇ ಹೊರತು ಒಳಗೆ ಹೋಗುವವಳ ಮಣಿಕಟ್ಟನ್ನು ಮುಟ್ಟಿ ನೋಡಲಾರದು.

ಮಣಿಕಟ್ಟಿನ ಮಾತು ಬಂದದ್ದರಿಂದ ಹೇಳುತ್ತೇನೆ. ಬೆಳೆಯುವ ಮಕ್ಕಳ ಎಲುಬಿನ ತುದಿಗಳಲ್ಲಿ ಬೆಳವಣಿಗೆಯ ಭಾಗ ಇನ್ನೂ ಮೆತ್ತಗಿರುತ್ತದೆ. ಮೈಭಾರವನ್ನೆಲ್ಲ ಕೈಗಳ ಮೇಲೆ ಹೊರುವ ಈ ಆಟದಲ್ಲಿ ಮೊದಲು ನೋಯುವುದು ಅದೇ. ದಿಢೀರನೆ ಉದ್ದ ಬೆಳೆದ ಹುಡುಗಿಗೆ ನಿನ್ನೆ ಬಂದ ಪಟ್ಟು ಇಂದು ತಪ್ಪುವುದುಂಟು. ನನ್ನ ಅಕ್ಕನ ಮಗಳು ಈ ವರ್ಷ ಲಂಗವೆಲ್ಲ ಗಿಡ್ಡವಾಗುವಷ್ಟು ಬೆಳೆದಿದ್ದಾಳೆ. ಆರು ತಿಂಗಳು ಅಲ್ಲಿಯೇ ಇರಲಿ, ಅದರಲ್ಲಿ ಅವಮಾನವೇನೂ ಇಲ್ಲ ಎಂಬುದು ನನ್ನ ಮತ.

ಹೀಗೆಂದೊಡನೆ ಇನ್ನೊಂದು ಕಡೆಯ ಜಾಣರು ಖುಷಿಪಡುವುದು ಬೇಡ. ಹಣ್ಣಾದ ಹುಡುಗಿಯನ್ನು ಕೆಳಗಿನ ಮೆಟ್ಟಿಲಿನಲ್ಲಿಯೇ ಕಟ್ಟಿಹಾಕಿ ವರ್ಷವರ್ಷವೂ ಪದಕ ಬಾಚುವ ಸಂಘಗಳೂ ಉಂಟು. ಕಪಾಟು ತುಂಬುತ್ತದೆ, ಹುಡುಗಿಗೆ ಬೇಸರ ಬರುತ್ತದೆ. ಬೇಸರ ಬಂದವಳ ಕಾಲು ತಪ್ಪುವುದೂ ಬೇಗ. ಮೇಲೇರಿಸುವುದರಲ್ಲಿಯೂ ಲಾಭವಿಲ್ಲದಿಲ್ಲ: ಮೇಲಿನ ಮೆಟ್ಟಿಲಿಗೆ ಅಭ್ಯಾಸದ ಗಂಟೆಗಳು ಹೆಚ್ಚು, ಶುಲ್ಕವೂ ಹೆಚ್ಚು. ಅದಕ್ಕೇ ಅಕ್ಕನಿಗೆ ಬರೆದಿದ್ದೇನೆ: ಏರಿಸುವವರನ್ನು ಶುಲ್ಕದ ಲೆಕ್ಕ ಕೇಳು, ಉಳಿಸಿಕೊಳ್ಳುವವರನ್ನು ಪದಕದ ಲೆಕ್ಕ ಕೇಳು, ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಮಗುವನ್ನು ಕೇಳು.