ತೂಕ ನೋಡಿ ಜಾಕೆಟ್ ಕೊಳ್ಳಬೇಡಿ

ಮಂಜೇಶ್ವರ, ಉಪ್ಪಳದ ಮಕ್ಕಳು ಈಗ ಗಲ್ಫಿಗೆ ಮಾತ್ರವಲ್ಲ, ಓದಲು ಕೆನಡಾಕ್ಕೂ ಹೋಗುತ್ತಿದ್ದಾರೆ. ಚಳಿ ಕಾಣದ ನಾವು ಕೈಗೆ ಭಾರ ಹತ್ತಿದ ಜಾಕೆಟೇ ಒಳ್ಳೆಯದೆಂದು ಕೊಡಿಸುತ್ತೇವೆ. ಅಂಗಡಿಯವರ ಮಗ ನಾನು, ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಮೈಯ ಬಿಸಿ ಉಳಿಸುವುದು ಬಟ್ಟೆಯ ಭಾರವಲ್ಲ, ಪದರಗಳ ನಡುವೆ ನಿಂತ ಗಾಳಿ.

ಜನವರಿಯ ಟೊರೊಂಟೊದಲ್ಲಿ ಹೊರಗೆ ಮೈನಸ್ 10 ಡಿಗ್ರಿ ಇದ್ದರೂ ಕ್ಲಾಸಿನೊಳಗೆ 20ರ ಆಸುಪಾಸು. ಒಂದೇ ದಪ್ಪ ಕೋಟು ಹಾಕಿದರೆ ಒಳಗೆ ಬೆವರು. ಹೊರಗೆ ಬಂದಾಗ ಆ ಬೆವರೇ ಚಳಿ. ಹತ್ತಿ ಬನಿಯನ್ ಅದನ್ನು ಹೀರಿ ಒದ್ದೆಯಾಗಿಯೇ ಇರುತ್ತದೆ.

ಮೈಗೆ ಉಣ್ಣೆ ಅಥವಾ ಪಾಲಿಯೆಸ್ಟರ್, ನಡುವೆ ಕಳಚಬಹುದಾದ ಫ್ಲೀಸ್, ಹೊರಗೆ ಗಾಳಿ-ನೀರು ತಡೆಯುವ ಜಾಕೆಟ್ ಇರಲಿ. ಒಳಪದರ ಹಾಕಿಕೊಂಡೇ ಅಳತೆ ನೋಡಿ. ಅಕ್ಟೋಬರಿಗೆ ಹೊರಪದರವೇ ಸಾಕು, ಜನವರಿಗೆ ಮೂರೂ ಬೇಕು. ಸಾಲ ಮಾಡಿ ಮಕ್ಕಳನ್ನು ಕಳಿಸುವ ಮನೆಗೆ ಋತುವಿಗೊಂದು ಜಾಕೆಟ್ ಕೊಳ್ಳುವ ಖರ್ಚು ಉಳಿಯುತ್ತದೆ.